150 ಪದಗಳಲ್ಲಿ ಕೇಳಿ

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದವರಿಗೆ ಸರ್ಕಾರಿ ಕಚೇರಿಗಳಿಂದ ಬರುವ ಹಿಂಬರಹಗಳಲ್ಲಿ ಮೂರು ಮಾತು ಪದೇ ಪದೇ ಕಾಣಿಸುತ್ತವೆ. ತಾವು ಕೋರಿರುವ ಮಾಹಿತಿ ನಿರ್ದಿಷ್ಟವಾಗಿಲ್ಲ, ಪ್ರಶ್ನಾರ್ಥಕ ರೂಪದಲ್ಲಿದೆ, ಒಂದಕ್ಕಿಂತ ಹೆಚ್ಚು ವಿಷಯಗಳಿವೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ 30 ದಿನ ಕಾದವರಿಗೆ ಸಿಗುವುದು ಇಷ್ಟೇ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ, ನಾಲೆ ನೀರು, ಕೆರೆ ಒತ್ತುವರಿ, ಕಲ್ಲುಗಣಿ, ಪೋಡಿ ಎಂದು ಕೇಳಲು ಜನರಿಗೆ ನೂರು ವಿಷಯಗಳಿವೆ. ಹಾಗಿರುವಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಲೆಕ್ಕ ಎಲ್ಲಿಂದ ಬಂತು?

ಆಳುವವರ ಮುಂದೆ ನಿಂತು ಕೇಳುವ ರೂಢಿ ಈ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಹುಟ್ಟುಹಾಕಿದ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿದ್ದು 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ. ಬಂದಿದ್ದವರು 144 ಮಂದಿ, ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಇಂದಿನ ಕೃಷ್ಣರಾಜಪೇಟೆಗೆ ಆಗ ಅತ್ತಿಕುಪ್ಪೆ ಎಂಬ ಹೆಸರು, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್. ಮಂಡ್ಯ ಜಿಲ್ಲೆ ಹುಟ್ಟಲು ಇನ್ನೂ 58 ವರ್ಷ ಬೇಕಿತ್ತು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ಕಡೆಯ ಅಹವಾಲು ಹೇಳುತ್ತಿದ್ದರು. ಪ್ರಶ್ನೆ ಕೇಳುವುದು ಶಾಸನಬದ್ಧ ಹಕ್ಕಾಗಿ ಗಟ್ಟಿಯಾದದ್ದು 1923ರ ಕಾಯ್ದೆ ಬಂದ ಮೇಲೆ. ಅಹವಾಲಿಗೆ ಯಾರೂ ಗಡಿ ಹಾಕುವುದಿಲ್ಲ. ಅದು ಹಕ್ಕಾದ ದಿನದಿಂದ ಗಡಿಯೂ ಜೊತೆಗೆ ಬರುತ್ತದೆ.

ಶಾಸನಸಭೆಗಳು ಆ ಗಡಿಯನ್ನು ಬಲು ವಿವರವಾಗಿ ಬರೆದಿಟ್ಟಿವೆ. ಲೋಕಸಭೆಯ ನಡಾವಳಿಯ 41ನೇ ನಿಯಮವನ್ನು ನೋಡಿ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಅದರಲ್ಲಿ ವಾದ, ಊಹೆ, ಆರೋಪ ಇರಬಾರದು. ಅಭಿಪ್ರಾಯ ಕೇಳಬಾರದು. ಒಂದು ಉತ್ತರದ ಮಿತಿಯೊಳಗೆ ಹಿಡಿಯಲಾಗದಷ್ಟು ದೊಡ್ಡ ನೀತಿಯ ವಿಷಯ ಎತ್ತಬಾರದು. ಸಂಸದರಿಗೆ ಇದು ಕಷ್ಟವಲ್ಲ. ಅವರ ಪ್ರಶ್ನೆಯನ್ನು ತಿದ್ದಿ ಅಂಗೀಕಾರಾರ್ಹವಾಗಿಸಲು ಸಚಿವಾಲಯವೇ ಇದೆ.

ಸಾಮಾನ್ಯ ಪ್ರಜೆಯ ಕೈಗೆ ಪ್ರಶ್ನೆ ಬಂದದ್ದು ಬೇರೆ ದಾರಿಯಲ್ಲಿ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಮೊದಲ ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿತು. ಕೂಲಿ ಏಕೆ ಕಡಿಮೆ ಕೊಟ್ಟಿರಿ ಎಂದು ಅಧಿಕಾರಿಯನ್ನು ಕೇಳಿ ಸುಸ್ತಾಗಿದ್ದ ಜನ ಅಂಥ ಊರುಗಳಲ್ಲಿ ಮಸ್ಟರ್ ರೋಲ್ ಮತ್ತು ಬಿಲ್ಲಿನ ನಕಲು ಕೇಳತೊಡಗಿದರು. ಹಾಜರಿ ಪಟ್ಟಿಯನ್ನು ಊರಿನ ಮುಂದೆ ಗಟ್ಟಿಯಾಗಿ ಓದಿದರೆ ಯಾರ ಹೆಸರು ಸುಳ್ಳು ಎಂದು ಊರೇ ಹೇಳುತ್ತಿತ್ತು. ದೊಡ್ಡ ಪ್ರಶ್ನೆಯನ್ನು ಒಂದು ಕಾಗದದ ಪ್ರಶ್ನೆಯಾಗಿ ಇಳಿಸುವ ಈ ವಿದ್ಯೆಯನ್ನು ಕಂಡುಹಿಡಿದವರು ಕೂಲಿಕಾರರು. ನಿಯಮ ಬರೆದ ಅಧಿಕಾರಿಗಳು ಆಮೇಲೆ ಬಂದವರು. ಇದನ್ನು ನಾವು ಮರೆಯಬಾರದು.

ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ತಂದಿತ್ತು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂತು. ಅದರಲ್ಲಿ ಪದಮಿತಿ ಇಲ್ಲ, ವಿಷಯಮಿತಿಯೂ ಇಲ್ಲ. ಏಕೆ ಕೇಳುತ್ತೀರಿ ಎಂದು ಅರ್ಜಿದಾರರನ್ನು ಪ್ರಶ್ನಿಸುವಂತಿಲ್ಲ. ಮಿತಿ ಬಂದದ್ದು ರಾಜ್ಯದ ನಿಯಮಗಳ ಮೂಲಕ, 2008ರಲ್ಲಿ ಸೇರಿದ 14ನೇ ನಿಯಮದಲ್ಲಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹೆಚ್ಚು ವಿಷಯಗಳಿದ್ದರೆ ಅಧಿಕಾರಿ ಮೊದಲನೆಯದಕ್ಕಷ್ಟೇ ಉತ್ತರಿಸಿ, ಉಳಿದವಕ್ಕೆ ಬೇರೆ ಬೇರೆ ಅರ್ಜಿ ಹಾಕುವಂತೆ ತಿಳಿಸಬಹುದು. 2012ರಲ್ಲಿ ಮಹಾರಾಷ್ಟ್ರವೂ ಇದೇ ಹಾದಿ ಹಿಡಿಯಿತು. ಅದೇ ವರ್ಷ ಕೇಂದ್ರ ಸರ್ಕಾರ ತನ್ನ ಕಚೇರಿಗಳಿಗೆ 500 ಪದದ ಮಿತಿ ಇಟ್ಟಿತು. ಆದರೆ ಪದ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದೆಂದೂ ಸ್ಪಷ್ಟವಾಗಿ ಬರೆಯಿತು. ಮಂಡ್ಯದ ರೈತನಿಗೆ ಇಲ್ಲದ ಆ ರಕ್ಷಣೆ ದೆಹಲಿಯ ಇಲಾಖೆಗೆ ಬರೆಯುವವನಿಗೆ ಇದೆ.

'ಏಕೆ' ಎಂಬ ಪ್ರಶ್ನೆಗೆ ಬಾಗಿಲು ಮುಚ್ಚಿದ್ದು ನ್ಯಾಯಾಲಯಗಳು. 2008ರಲ್ಲಿ ಬಾಂಬೆ ಹೈಕೋರ್ಟ್‌ನ ಗೋವಾ ಪೀಠ ಸೆಲ್ಸಾ ಪಿಂಟೋ ಪ್ರಕರಣದಲ್ಲಿ, ಒಂದು ಕೆಲಸ ಏಕೆ ಆಯಿತು ಎಂದು ಕೇಳುವುದು ಸಮರ್ಥನೆ ಕೇಳಿದಂತೆ, ಅದು ಮಾಹಿತಿ ಕೇಳಿದಂತಾಗದು ಎಂದಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಉತ್ತರ ಪತ್ರಿಕೆ ನೋಡುವ ಹಕ್ಕನ್ನು ವಿದ್ಯಾರ್ಥಿಗೆ ಕೊಟ್ಟ ಅದೇ ತೀರ್ಪಿನಲ್ಲಿ, ಕಡತದಲ್ಲಿಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡುವ, ಅಭಿಪ್ರಾಯ ಅಥವಾ ಸಲಹೆ ನೀಡುವ ಬಾಧ್ಯತೆ ಅಧಿಕಾರಿಗಿಲ್ಲ ಎಂದು ಹೇಳಿತು. ಕಾನೂನಿನ ದೃಷ್ಟಿಯಲ್ಲಿ ಇದು ಸರಿ. ಬರೆದದ್ದನ್ನು ತೋರಿಸಿ ಎನ್ನಬಹುದು, ಬರೆಯದ್ದನ್ನು ಬರೆದು ಕೊಡಿ ಎನ್ನಲಾಗದು.

ಈಗ ತಾಲ್ಲೂಕು ಕಚೇರಿಯ ಹೊರಗೆ, ಅರ್ಜಿ ಬರೆದುಕೊಡುವವರ ಮೇಜಿನ ಬಳಿ ಬನ್ನಿ. ಕೆ.ಆರ್. ಪೇಟೆ ಕಡೆಯ ರೈತರೊಬ್ಬರು ಬಂದು, 'ನಮ್ಮೂರ್ ಕೆರೆಗೆ ಯಾಕಣ್ಣ ನೀರ್ ಬರ್ತಿಲ್ಲ, ಅದುನ್ನ ಕೇಳಿ ಬರ್ಕೊಡು' ಎನ್ನುತ್ತಾರೆ ಎಂದುಕೊಳ್ಳೋಣ. ಹಾಗೇ ಬರೆದರೆ ಪ್ರಶ್ನಾರ್ಥಕ ಎಂಬ ಹಿಂಬರಹ ಖಚಿತ. ಕೆಲಸ ಬಲ್ಲ ಬರಹಗಾರ ಮೊದಲು ತಾನೇ ಕೇಳತೊಡಗುತ್ತಾನೆ. ಕೆರೆ ಯಾರದು, ಸಣ್ಣ ನೀರಾವರಿಯದೋ ಪಂಚಾಯಿತಿಯದೋ? ಸರ್ವೆ ನಂಬರ್ ಎಷ್ಟು? ನೀರು ಬರಬೇಕಾದದ್ದು ಹೇಮಾವತಿ ಎಡದಂಡೆ ನಾಲೆಯಿಂದಲೋ, ಮಳೆಯ ಹಳ್ಳದಿಂದಲೋ? ಹೂಳು ತೆಗೆಸಿದ್ದಾರಾ, ಯಾವ ವರ್ಷ? ಆಮೇಲೆ ಮಾಹಿತಿ ಹಕ್ಕು ಅರ್ಜಿಯ ನಮೂನೆ 'ಎ'ಯಲ್ಲಿ ಬರೆಯುತ್ತಾನೆ: ಇಂಥ ಸರ್ವೆ ನಂಬರಿನ ಕೆರೆಯ ಹೂಳೆತ್ತುವ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲಿನ ದೃಢೀಕೃತ ನಕಲು. ಕೆರೆಯ ಮೋಜಣಿ ನಕ್ಷೆಗೆ ಇನ್ನೊಂದು ಅರ್ಜಿ, ಏಕೆಂದರೆ ಅದು ಭೂದಾಖಲೆಗಳ ಇಲಾಖೆಯದು. ಅಳತೆ ಪುಸ್ತಕ ಕೈಗೆ ಬಂದ ಮೇಲೆ ಎಷ್ಟು ಘನ ಮೀಟರ್ ಹೂಳು ತೆಗೆದೆವೆಂದು ಬರೆದಿದ್ದಾರೆ ಎಂಬುದನ್ನೂ ಕೆರೆಯ ಅಂಗಳವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಯಾಕೆ ಎಂಬುದಕ್ಕೆ ಉತ್ತರ ಅಲ್ಲಿ ಅರ್ಧದಷ್ಟಾದರೂ ಸಿಗುತ್ತದೆ.

ಹಾಗೆ ಇಳಿಸಲಾಗದ ಪ್ರಶ್ನೆಗಳೂ ಇವೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತ ಕಲ್ಲು ಸಿಡಿಸುವುದರಿಂದ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯವಿದೆಯೇ? ಗುತ್ತಿಗೆ ಆದೇಶದ ನಕಲು ಕೇಳಬಹುದು, ಸ್ಫೋಟಕ ಬಳಸಲು ಕೊಟ್ಟ ಅನುಮತಿ ಕೇಳಬಹುದು, ತಜ್ಞರ ವರದಿ ಇದ್ದರೆ ಅದನ್ನೂ ಕೇಳಬಹುದು. ಅಪಾಯವಿದೆಯೇ ಎಂಬುದು ಮಾತ್ರ ಯಾವ ಕಡತದಲ್ಲೂ ಒಂದು ಸಾಲಾಗಿ ಕೂತಿರುವುದಿಲ್ಲ. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ತಡೆದು, ಮೊದಲು ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಆಗಲಿ ಎಂದಿತು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆಗೆ ಜಾಗ ಸಿಕ್ಕಿದ್ದು ಅಲ್ಲಿ. ನಾಲೆ ಬಯಲಿನ ಲಕ್ಷಾಂತರ ಜನ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಆದ್ದರಿಂದ ವಿಶಾಲವಾದ ಪ್ರಶ್ನೆಯನ್ನು ದಡ್ಡ ಪ್ರಶ್ನೆ ಎಂದು ಬದಿಗಿಡುವುದನ್ನು ನಾನು ಒಪ್ಪುವುದಿಲ್ಲ. ಸಂಕಟ ಮೊದಲು ಬಾಯಿಗೆ ಬರುವುದು ಆ ರೂಪದಲ್ಲೇ. ಅದನ್ನು ಕಿರಿದು ಮಾಡಬೇಕು ನಿಜ. ಒಬ್ಬನೇ ಗುಮಾಸ್ತ ಹತ್ತು ವರ್ಷದ ಎಲ್ಲ ಕಡತಗಳನ್ನೂ ನಕಲು ಮಾಡುತ್ತ ಕೂತರೆ ಪಹಣಿ ತಿದ್ದುಪಡಿಗೆ ಕಾದಿರುವ ಇನ್ನೊಬ್ಬ ರೈತನೇ ಸೋಲುತ್ತಾನೆ. ಕಿರಿದು ಮಾಡುವ ಹೊಣೆ ಯಾರದೆಂಬುದನ್ನು ಕಾಯ್ದೆ ಹೇಳಿದೆ. ಬರೆಯಲಾಗದವರು ಬಾಯಲ್ಲಿ ಹೇಳಿದರೆ, ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ಎಲ್ಲ ನೆರವು ಕೊಡಬೇಕು ಎಂದು 6ನೇ ಪ್ರಕರಣದಲ್ಲಿದೆ. ಅರ್ಜಿದಾರರಿಗೆ ನೆರವಾಗಬೇಕು ಎಂದು 5ನೇ ಪ್ರಕರಣವೂ ಹೇಳುತ್ತದೆ. ಬೇರೆ ಕಚೇರಿಗೆ ಸೇರಿದ ವಿಷಯವಾದರೆ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು. 14ನೇ ನಿಯಮ ಹಿಂಬರಹದಲ್ಲಿ ತಪ್ಪದೆ ಬರುತ್ತದೆ, ಈ ಪ್ರಕರಣಗಳು ಬರುವುದು ಅಪರೂಪ. ನೆರವಿನ ಕೆಲಸವನ್ನು ಕಚೇರಿಯ ಹೊರಗೆ ಕೂತವರು ದುಡ್ಡಿಗೆ ಮಾಡುತ್ತಿದ್ದಾರೆ.

ಜನ ಹೆಚ್ಚು ಬಳಸದ ಇನ್ನೊಂದು ದಾರಿ ಇದೆ. ಕಡತವನ್ನು ಖುದ್ದಾಗಿ ಪರಿಶೀಲಿಸುವ, ಟಿಪ್ಪಣಿ ಮಾಡಿಕೊಳ್ಳುವ ಹಕ್ಕೂ ಮಾಹಿತಿ ಹಕ್ಕಿನ ಭಾಗವೇ. ಏನು ಕೇಳಬೇಕೆಂದು ತಿಳಿಯದವರು ಮೊದಲು ಪರಿಶೀಲನೆಗೆ ಅರ್ಜಿ ಹಾಕಿ, ಪುಟ ಗುರುತು ಮಾಡಿಕೊಂಡು, ಬೇಕಾದಷ್ಟಕ್ಕೆ ಮಾತ್ರ ಪುಟಕ್ಕೆ 2 ರೂಪಾಯಿ ಕೊಟ್ಟು ನಕಲು ಪಡೆಯಬಹುದು.

ಅದಕ್ಕೂ ಮೊದಲು ಯಾವ ಕಡತ ಎಲ್ಲಿದೆ ಎಂದು ಗೊತ್ತಿರಬೇಕು. ಎಲ್ಲ ದಾಖಲೆಗಳಿಗೂ ಪಟ್ಟಿ ಮತ್ತು ಸೂಚಿ ಸಿದ್ಧವಿರಬೇಕು ಎಂದು ಕಾಯ್ದೆಯ 4ನೇ ಪ್ರಕರಣದ ಮೊದಲ ಸಾಲೇ ಹೇಳುತ್ತದೆ. ಕೇಳುವ ಮೊದಲೇ ಪ್ರಕಟಿಸಬೇಕಾದ 17 ಅಂಶಗಳನ್ನು ಹೇಳಿ, ಅದಕ್ಕೆ 120 ದಿನದ ಗಡುವನ್ನೂ 2005ರಲ್ಲೇ ಕೊಟ್ಟಿತ್ತು. ನಾಗಮಂಗಲದ ಕೆರೆಗಳ ಕಡತ ಯಾವ ಶಾಖೆಯಲ್ಲಿದೆ, ಅದರ ಸಂಖ್ಯೆ ಎಷ್ಟು ಎಂಬುದು ಕಚೇರಿಯ ಗೋಡೆಯ ಮೇಲೇ ಇದ್ದರೆ ನಿರ್ದಿಷ್ಟವಾಗಿ ಕೇಳಲು ಯಾರ ಮೇಜಿನ ಹಂಗೂ ಬೇಕಾಗದು. ನಾಲ್ಕೂ ತಾಲ್ಲೂಕಿನವರು ಮುಂದಿನ ಅರ್ಜಿಯಲ್ಲಿ ಆ ದಾಖಲೆ ಪಟ್ಟಿಯನ್ನೇ ಕೇಳಲಿ. ಅದು ಒಂದೇ ವಿಷಯ, ಬರೆಯಲು 20 ಪದ ಸಾಕು.