ಲೇಖನದ ಒಡೆಯರು ಯಾರು?

1928ನೆಯ ಇಸವಿ ಮಾರ್ಚ್ 31ರ ‘ನೇಚರ್’ ಪತ್ರಿಕೆಯಲ್ಲಿ ರಾಮನ್ ಮತ್ತು ಕೃಷ್ಣನ್ ಅವರ ಕಿರುಲೇಖನವೊಂದು ಪ್ರಕಟವಾಯಿತು. ದ್ರವದಲ್ಲಿ ಚದರಿದ ಬೆಳಕಿನ ಅತ್ಯಲ್ಪಾಂಶವು ತನ್ನ ತರಂಗದೂರವನ್ನು ಬದಲಾಯಿಸಿಕೊಳ್ಳುತ್ತದೆಂಬ ಸಂಗತಿ ಅದರಿಂದ ಜಗತ್ತಿಗೆ ತಿಳಿಯಿತು. ಈ ಸಂಗತಿಯನ್ನು ನಮ್ಮ ಮಾತಿನಲ್ಲಿ ಬರೆಯಲು ನಮಗೆ ಯಾರ ಅಪ್ಪಣೆಯೂ ಬೇಡ. ಆದರೆ ಆ ಲೇಖನದ ವಾಕ್ಯಗಳನ್ನೇ ಎತ್ತಿ ನಮ್ಮ ಹೆಸರಿನಲ್ಲಿ ಅಚ್ಚುಹಾಕಿಸಲಾಗದು. ನಿಸರ್ಗದ ಸತ್ಯಕ್ಕೆ ಒಡೆಯರಿಲ್ಲ. ಅದನ್ನು ನಿರೂಪಿಸಿದ ಮಾತಿಗೆ ಒಡೆಯರುಂಟು. ಕೃತಿಸ್ವಾಮ್ಯದ ತಿರುಳು ಇದೇ.

ಭಾರತದ ಕೃತಿಸ್ವಾಮ್ಯ ಕಾಯಿದೆಯು 1957ರಲ್ಲಿ ಅಂಗೀಕೃತವಾಗಿ 1958ರ ಜನವರಿ 21ರಂದು ಜಾರಿಗೆ ಬಂದಿತು. ಅದರ ಪ್ರಕಾರ ಸಾಮಾನ್ಯವಾಗಿ ಲೇಖನವನ್ನು ಬರೆದವರೇ ಅದರ ಮೊದಲ ಒಡೆಯರು. ಇದಕ್ಕೆ ನೋಂದಣಿಯ ಅಗತ್ಯವಿಲ್ಲ. ಬರಹದೊಡನೆಯೇ ಹಕ್ಕೂ ಹುಟ್ಟುತ್ತದೆ. ಲೇಖಕರು ಗತಿಸಿದ ಮೇಲೂ 60 ವರ್ಷಗಳ ಕಾಲ ಅದು ಅವರ ವಾರಸುದಾರರಲ್ಲಿ ಉಳಿಯುತ್ತದೆ. 1992ರ ತಿದ್ದುಪಡಿಗೆ ಮುಂಚೆ ಈ ಅವಧಿ 50 ವರ್ಷಗಳಷ್ಟಿತ್ತು.

ಹಾಗಾದರೆ ಪತ್ರಿಕೆಗೆ ಲೇಖನ ಕಳುಹಿಸಿದಾಗ ನಾವು ಕೊಡುವುದೇನನ್ನು? ಮನೆಯನ್ನು ಬಾಡಿಗೆಗೆ ಕೊಡುವುದು ಬೇರೆ, ಕ್ರಯಪತ್ರ ಬರೆದುಕೊಡುವುದು ಬೇರೆ. ಒಮ್ಮೆ ಪ್ರಕಟಿಸಲು ಅನುಮತಿ ಕೊಟ್ಟರೆ ಒಡೆತನ ನಮ್ಮಲ್ಲಿಯೇ ಇರುತ್ತದೆ. ಹಕ್ಕನ್ನೇ ವರ್ಗಾಯಿಸಿದರೆ ಅದು ಪ್ರಕಾಶಕರ ಪಾಲಾಗುತ್ತದೆ. ವರ್ಗಾವಣೆಯು ಬರಹದಲ್ಲಿದ್ದು, ಅದಕ್ಕೆ ಒಡೆಯರ ಅಥವಾ ಅವರು ನೇಮಿಸಿದವರ ಸಹಿಯಿದ್ದರೆ ಮಾತ್ರ ಊರ್ಜಿತ. ಅವಧಿಯನ್ನು ಹೇಳದಿದ್ದರೆ 5 ವರ್ಷಗಳೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ.

ಅಚ್ಚಾಗುವ ಸಂಭ್ರಮದಲ್ಲಿ ವಿದ್ಯಾರ್ಥಿಯೊಬ್ಬನು ‘ಸರ್ವಹಕ್ಕುಗಳೂ ಶಾಶ್ವತವಾಗಿ ಪತ್ರಿಕೆಯವು’ ಎಂಬ ಕಾಗದಕ್ಕೆ ಓದದೆ ಸಹಿ ಹಾಕಿದನೆನ್ನೋಣ. ಹತ್ತು ವರ್ಷಗಳ ತರುವಾಯ ತನ್ನ ಲೇಖನಗಳನ್ನು ಪುಸ್ತಕವಾಗಿ ತರಬೇಕೆಂದಾಗ ಅವನು ತನ್ನದೇ ಮಾತಿಗೆ ಪರರ ಅಪ್ಪಣೆ ಬೇಡಬೇಕಾಗುತ್ತದೆ! ಲೇಖಕನೆನಿಸಿಕೊಳ್ಳುವ ಹಕ್ಕು ಆಗಲೂ ಅವನದೇ. ಅಚ್ಚುಹಾಕುವ ಹಕ್ಕು ಮಾತ್ರ ಅವನದಲ್ಲ. ಆದ್ದರಿಂದ ಯಾವ ಹಕ್ಕು, ಎಷ್ಟು ಕಾಲ, ಎಲ್ಲಿ, ಎಷ್ಟು ಸಂಭಾವನೆಗೆ ಎಂಬ ನಾಲ್ಕನ್ನು ಓದಿದ ಮೇಲೆಯೇ ಸಹಿ ಹಾಕತಕ್ಕದ್ದು.

ಹಕ್ಕಿನೊಡನೆ ಹೊಣೆಯೂ ಇದೆ. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವುದು ಸಲ್ಲದು. ಎರಡೂ ಪ್ರಕಟಿಸಿದರೆ ಸಂಪಾದಕರ ವಿಶ್ವಾಸಕ್ಕೆ ಭಂಗ ಬರುತ್ತದೆ. ಒಬ್ಬರು ತಿರಸ್ಕರಿಸಿದ ಮೇಲೆ ಇನ್ನೊಬ್ಬರಿಗೆ ಕಳುಹಿಸಬಹುದು. ಅನುವಾದದ ಹಕ್ಕೂ ಮೂಲಕೃತಿಯ ಒಡೆಯರದೇ, ಚಿತ್ರಗಳಿಗೂ ಒಡೆಯರಿರುತ್ತಾರೆ. ಅನುವಾದಿಸಿದ ಲೇಖನವನ್ನು ಸ್ವತಂತ್ರವೆಂದು ಕಳುಹಿಸಿದರೆ ನಮ್ಮ ಮಾತಿಗೆ ನಾವು ಬಯಸುವ ಗೌರವವನ್ನು ಪರರ ಮಾತಿಗೆ ನಿರಾಕರಿಸಿದಂತಾಗುವುದಿಲ್ಲವೆ? ಹಸ್ತಪ್ರತಿಯ ನಕಲೊಂದನ್ನೂ ಸಹಿ ಮಾಡಿದ ಕಾಗದದ ನಕಲೊಂದನ್ನೂ ನಮ್ಮಲ್ಲಿ ಇಟ್ಟುಕೊಂಡು, ಆಮೇಲೆ ನಿಶ್ಚಿಂತೆಯಿಂದ ಬರೆಯೋಣ.