ಮೂರ್ಛೆರೋಗಕ್ಕೆ ಸರ್ಕಾರಿ ಆಸರೆ

ಜನ ಫಿಟ್ಸ್ ಎನ್ನುವ ಮೂರ್ಛೆರೋಗ ಮಿದುಳಿನ ನರಕೋಶಗಳ ವಿದ್ಯುತ್ ಚಟುವಟಿಕೆ ಹಠಾತ್ತನೆ ಏರುಪೇರಾದಾಗ ಕಾಣಿಸಿಕೊಳ್ಳುತ್ತದೆ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ನಿಮ್ಹಾನ್ಸ್ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಾವಿರಕ್ಕೆ ಸುಮಾರು 9 ಮಂದಿಗೆ ಈ ಕಾಯಿಲೆ. ಹಳ್ಳಿಗಳಲ್ಲಿ ಪೇಟೆಯ ಎರಡರಷ್ಟು.

ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯೂ ಉಂಟು, ಬಿಸಿನೀರ ಮೂರ್ಛೆ. ಹಂಡೆಯ ಸುಡುನೀರನ್ನು ಚೊಂಬಿನಿಂದ ಒಂದೇ ಸಮನೆ ತಲೆಗೆ ಹುಯ್ದುಕೊಳ್ಳುವಾಗ ಕೆಲವರಿಗೆ ಎಚ್ಚರ ತಪ್ಪುತ್ತದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದಿದ್ದರು. ಎಷ್ಟೋ ಮಂದಿಗೆ ಉಗುರುಬೆಚ್ಚಗಿನ ನೀರಿನ ಸ್ನಾನವೇ ಸಾಕು. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗಲು ವೈದ್ಯರು ಕ್ಲೊಬಜಾಮ್ ಮಾತ್ರೆ ಬರೆದುಕೊಡುತ್ತಾರೆ.

ಮಣಿಯವರ ತಂಡದ ದೊಡ್ಡ ಕೆಲಸ ನಡೆದದ್ದು ಯಳಂದೂರಿನಲ್ಲಿ. ಹಳ್ಳಿಗರಿಗೆ ಫಿನೋಬಾರ್ಬಿಟಾಲ್ ಇಲ್ಲವೇ ಫೆನಿಟಾಯಿನ್ ಕೊಟ್ಟು, ವರ್ಷಗಟ್ಟಲೆ ಬೆನ್ನುಹತ್ತಿ ವಿಚಾರಿಸಿಕೊಂಡರು. ಅಗ್ಗದ ಹಳೆಯ ಮಾತ್ರೆಗಳಿಂದಲೇ ಹೆಚ್ಚಿನವರ ಫಿಟ್ಸ್ ಹತೋಟಿಗೆ ಬರುತ್ತದೆಂಬ ವರದಿ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅಂದರೆ ಕೊರತೆ ಔಷಧದ್ದಲ್ಲ, ಅದನ್ನು ತಿಂಗಳು ತಪ್ಪದೆ ರೋಗಿಯ ಕೈಗೆ ಮುಟ್ಟಿಸುವ ಏರ್ಪಾಡಿನದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮೂಟೆ ಹೊರುವವರಿಗೆ ಆಸ್ಪತ್ರೆಯ ಸರದಿಯಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ಮಾತ್ರೆ ನಿಲ್ಲುವುದು ಹೆಚ್ಚಾಗಿ ಹೀಗೆಯೇ.

ಹಾಗೆಂದು ಸರ್ಕಾರಿ ಆಸರೆ ಇಲ್ಲವೆಂದಲ್ಲ. ಅವೆನ್ಯೂ ರಸ್ತೆಯ ಮಾರುಕಟ್ಟೆ ತುದಿಗೆ ಹತ್ತಿರವೇ, 1900ರಿಂದ ನಡೆಯುತ್ತಿರುವ ವಿಕ್ಟೋರಿಯಾ ಆಸ್ಪತ್ರೆಯಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ತನ್ನಲ್ಲಿಗೆ ಬಂದವರನ್ನು ನೋಡುವುದಷ್ಟೇ ಅಲ್ಲ, ಮದ್ದೂರು, ಮಧುಗಿರಿ, ಕನಕಪುರ, ಗೌರಿಬಿದನೂರಿನಂಥ ಊರುಗಳಲ್ಲಿ ತಿಂಗಳ ಶಿಬಿರಗಳನ್ನೂ ನಡೆಸುತ್ತ ಬಂದಿದೆ. 2022ರಲ್ಲಿ ಆರಂಭವಾದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಸರ್ಕಾರಿ ಆಸ್ಪತ್ರೆಗಳಲ್ಲೇ ಮಿದುಳು ಆರೋಗ್ಯ ಕ್ಲಿನಿಕ್ ತೆರೆಯಿತು. ಯಳಂದೂರಿನ ಪಾಠ ಸರ್ಕಾರದ ಯೋಜನೆಯಾಗಲು ಎರಡು ದಶಕ ಹಿಡಿದದ್ದು ತಡವೇ.

ಕಾನೂನಿನಲ್ಲಿದ್ದ ಕಳಂಕವೂ ಬಹುಕಾಲ ಉಳಿದಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗದ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿತು.

ಬೀದಿಯಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಕೈಗೆ ಬೀಗದಕೈ ಗೊಂಚಲು ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇನ್ನೂ ಹೋಗಿಲ್ಲ. ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ತಲೆಯಡಿಗೆ ಮೆತ್ತನೆಯ ಬಟ್ಟೆ ಕೊಟ್ಟು, ಒಂದು ಮಗ್ಗುಲಿಗೆ ಹೊರಳಿಸಿ. ಕೈಕಾಲು ಅದುಮಬೇಡಿ, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಹಾಕಬೇಡಿ. ಐದು ನಿಮಿಷ ಕಳೆದರೂ ಅದುರು ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.