ಸೂರ್ಯಶಕ್ತಿಯೂ ಸುರಕ್ಷತೆಯೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಸೀಮೆಗೆ ಮಳೆಯು ಅಪರೂಪದ ನೆಂಟ. ಬಿಸಿಲಾದರೋ ಮನೆಯ ಮಗ. ಕೆರೆಗಳು ಬತ್ತಿದ ವರ್ಷಗಳಲ್ಲಿ ನಮ್ಮ ಹಿರಿಯರು ಈ ಬಿಸಿಲನ್ನು ಶಪಿಸಿದ್ದುಂಟು. ಅದೇ ಬಿಸಿಲು ಈಗ ಒಂದು ಬೆಳೆಯಾಗಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಮತ್ತು ಅದರ ನೆರೆಯ ಗ್ರಾಮಗಳಲ್ಲಿ ರೈತರಿಂದ ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಪಡೆದು ಬೃಹತ್ ಸೌರ ಉದ್ಯಾನವನ್ನು ನಿರ್ಮಿಸಲಾಗಿದೆ. 2018ರ ಮಾರ್ಚ್ ತಿಂಗಳಿನಲ್ಲಿ ಇದರ ಮೊದಲ ಹಂತವು ಉದ್ಘಾಟನೆಗೊಂಡಿತು. 2019ರ ಕೊನೆಯ ವೇಳೆಗೆ ಇದರ ಸಾಮರ್ಥ್ಯವು 2,050 ಮೆಗಾವಾಟಿಗೆ ಏರಿತು.

ಬಯಲಿನಲ್ಲಿ ಕಂಡ ಈ ನೀಲಿ ಫಲಕಗಳು ಕ್ರಮೇಣ ಮನೆಯ ಮಾಳಿಗೆಗಳಿಗೂ ತೋಟದ ಪಂಪುಗಳಿಗೂ ಬಂದಿವೆ. ಅವುಗಳನ್ನು ಜೋಡಿಸುವ ಕೆಲಸ ನಮ್ಮ ತರುಣರಿಗೆ ಜೀವನೋಪಾಯವಾಗಿದೆ. ನಾಳೆ ನಿಮ್ಮಲ್ಲಿಯೂ ಕೆಲವರು ಈ ಕೆಲಸವನ್ನು ಕೈಗೊಳ್ಳಬಹುದು. ಆದುದರಿಂದ ಇದರಲ್ಲಿ ಅಡಗಿರುವ ಅಪಾಯಗಳನ್ನು ಈಗಲೇ ತಿಳಿದಿರುವುದು ಒಳಿತು.

ಮನೆಯ ದೀಪ ಕೆಟ್ಟರೆ ನಾವು ಮೊದಲು ಮಾಡುವುದೇನು? ಮೇನ್ ಸ್ವಿಚ್ಚನ್ನು ಆರಿಸುತ್ತೇವೆ. ಬಳಿಕ ತಂತಿಯನ್ನು ಮುಟ್ಟುತ್ತೇವೆ. ಇದು ಒಳ್ಳೆಯ ಅಭ್ಯಾಸ. ಆದರೆ ಸೌರಫಲಕದ ಮುಂದೆ ಇದೊಂದೇ ಸಾಲದು. ಫಲಕದಲ್ಲಿರುವ ಸಿಲಿಕಾನ್ ಕೋಶಗಳ ಮೇಲೆ ಬೆಳಕು ಬಿದ್ದೊಡನೆ ಅಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸೂರ್ಯನನ್ನು ಆರಿಸುವ ಸ್ವಿಚ್ಚನ್ನು ಯಾರೂ ಮಾಡಿಲ್ಲ! ಮೇನ್ ಸ್ವಿಚ್ಚನ್ನು ಆರಿಸಿದರೂ ಹಗಲಿನಲ್ಲಿ ಫಲಕವೂ ಅದರಿಂದ ಹೊರಟ ತಂತಿಯೂ ಸಜೀವವಾಗಿಯೇ ಇರುತ್ತವೆ. ಮೋಡ ಕವಿದಿದ್ದರೂ ಅವನ್ನು ನಂಬುವಂತಿಲ್ಲ. ಒಂದು ಫಲಕದಲ್ಲಿ ಸಾಮಾನ್ಯವಾಗಿ 40ರಿಂದ 50 ವೋಲ್ಟುಗಳಷ್ಟು ವಿದ್ಯುತ್ ಒತ್ತಡವಿರುತ್ತದೆ. ಹತ್ತು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಅದು 400 ವೋಲ್ಟುಗಳನ್ನು ಮೀರುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು ಮಾತ್ರ ಎಂಬುದನ್ನು ನೆನೆದರೆ ಇದರ ಗಂಭೀರತೆ ಮನದಟ್ಟಾಗುವುದು.

ಇನ್ನೊಂದು ವ್ಯತ್ಯಾಸವೂ ಉಂಟು. ಮನೆಯ ವಿದ್ಯುತ್ತು ಪರ್ಯಾಯ ಪ್ರವಾಹ. ಅದು ಸೆಕೆಂಡಿಗೆ 100 ಬಾರಿ ಶೂನ್ಯವನ್ನು ಮುಟ್ಟಿ ಬರುತ್ತದೆ. ಆದ್ದರಿಂದ ತಂತಿಯನ್ನು ಬಿಡಿಸುವಾಗ ಹೊತ್ತಿದ ಕಿಡಿ ಬೇಗ ಆರಿಹೋಗುವ ಸಂಭವವಿದೆ. ಫಲಕದಿಂದ ಬರುವುದಾದರೋ ನೇರ ಪ್ರವಾಹ. ಅದಕ್ಕೆ ಈ ಬಿಡುವಿಲ್ಲ. ಪ್ರವಾಹ ಹರಿಯುತ್ತಿರುವಾಗಲೇ ಜೋಡಣೆಯನ್ನು ಕಿತ್ತರೆ ಕಿಡಿಯು ಜ್ವಾಲೆಯಂತೆ ಉರಿಯುತ್ತಲೇ ಇರಬಹುದು. ಕೈಯನ್ನು ಸುಡಬಹುದು, ಬೆಂಕಿಯನ್ನೂ ಹೊತ್ತಿಸಬಹುದು. ಆದಕಾರಣ ಮೊದಲು ಇನ್ವರ್ಟರನ್ನು ನಿಲ್ಲಿಸಬೇಕು. ಆಮೇಲೆ ನೇರ ಪ್ರವಾಹಕ್ಕೆಂದೇ ಇರಿಸಿದ ಸ್ವಿಚ್ಚನ್ನು ಆರಿಸಬೇಕು. ಮೀಟರು ಹಿಡಿದು ಪರೀಕ್ಷಿಸಬೇಕು. ಅನಂತರವೇ ಜೋಡಣೆಯನ್ನು ಮುಟ್ಟಬೇಕು. ವಿದ್ಯುನ್ನಿರೋಧಕ ಕೈಗವಸು ತೊಟ್ಟಿರಬೇಕು. ಫಲಕವನ್ನು ದಪ್ಪ ಬಟ್ಟೆಯಿಂದ ಮುಚ್ಚಿದ್ದರೂ ಪರೀಕ್ಷಿಸದೆ ಮುಟ್ಟಬಾರದು. ಇನ್ವರ್ಟರು ನಿಂತ ಮೇಲೂ ಅದರೊಳಗೆ ಕೆಲವು ನಿಮಿಷ ವಿದ್ಯುತ್ತು ಉಳಿದಿರುತ್ತದೆ. ಅಷ್ಟು ಹೊತ್ತು ಕಾಯದೆ ಅದರ ಮುಚ್ಚಳವನ್ನು ತೆರೆಯಬಾರದು.

ವಿದ್ಯುತ್ತಿನಷ್ಟೇ ಭಯಂಕರವಾದುದು ಎತ್ತರ. ನಮ್ಮ ಭಾಗದಲ್ಲಿ ಮಣ್ಣಿನ ಮಾಳಿಗೆಗಳಿವೆ, ಕಲ್ಲುಚಪ್ಪಡಿಯ ಮನೆಗಳಿವೆ, ಹೆಂಚಿನ ಮತ್ತು ಶೀಟಿನ ಸೂರುಗಳಿವೆ. ಇವೆಲ್ಲವೂ ಒಂದೇ ಭಾರವನ್ನು ತಾಳಲಾರವು. ಒಂದೊಂದು ಫಲಕವೂ 20ರಿಂದ 30 ಕಿಲೋಗ್ರಾಂ ತೂಗುತ್ತದೆ. ಅದರೊಡನೆ ಕಬ್ಬಿಣದ ಚೌಕಟ್ಟು, ಕೆಲಸಗಾರರು ಬೇರೆ. ಸಿಮೆಂಟು ಶೀಟು ನೋಡಲು ಗಟ್ಟಿ, ಕಾಲಿಟ್ಟರೆ ಒಡೆಯುವುದು. ಅದರ ಮೇಲೆ ಉದ್ದನೆಯ ಹಲಗೆ ಹಾಸದೆ ನಡೆಯಬಾರದು. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರವಿಟ್ಟು ಕಟ್ಟಬೇಕು. ಏಣಿಯ ತುದಿಯು ಸೂರಿನಿಂದ ಮೂರು ಅಡಿ ಮೇಲಿರಬೇಕು. ಫಲಕವನ್ನು ಇಬ್ಬರು ಹಿಡಿದೇ ಸಾಗಿಸಬೇಕು. ಆಷಾಢದ ಗಾಳಿಗೆ ಅದು ಹಾಯಿಯಂತೆ ಉಬ್ಬಿ, ಹಿಡಿದವನನ್ನೂ ಎಳೆದೊಯ್ಯಬಲ್ಲದು. ಗಾಳಿ ಮಳೆ ಗುಡುಗುಗಳಿದ್ದಾಗ ಕೆಲಸವನ್ನು ನಿಲ್ಲಿಸುವುದೇ ಜಾಣತನ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಕೆಲಸದಲ್ಲಿದ್ದಾನೆ. ಒಂದು ಸಂಜೆ ಕೆಲಸ ಮುಗಿಯಿತೆಂದು ಸೊಂಟದ ಹಗ್ಗವನ್ನು ಬಿಚ್ಚಿದನಂತೆ. ಆಗ ಒಂದು ಬೋಲ್ಟು ಸಡಿಲವಾಗಿದ್ದುದು ಕಣ್ಣಿಗೆ ಬಿತ್ತು. ಮತ್ತೆ ಹಗ್ಗ ಕಟ್ಟಿಕೊಳ್ಳದೆ ಅದನ್ನು ಬಿಗಿಯಲು ಹೋಗಿ ಜಾರಿಬಿದ್ದ. ಕಾಲು ಮುರಿಯಿತು; ಒಂದು ವರ್ಷದ ದುಡಿಮೆ ಹೋಯಿತು; ತಂಗಿಯ ಓದಿಗೆಂದು ಕೂಡಿಟ್ಟ ಹಣವೂ ಕರಗಿತು. ನೋಡಲು ಹೋದಾಗ, "ಒಂದೇ ಒಂದು ಬೋಲ್ಟು ಅಂದ್ಕೊಂಡೆ ಮೇಷ್ಟ್ರೇ" ಎಂದು ತಲೆ ತಗ್ಗಿಸಿದ. ಅವನಿಗೆ ನಿಯಮ ತಿಳಿಯದೆ ಇರಲಿಲ್ಲ. ತಿಳಿದ ನಿಯಮಕ್ಕೆ ಒಂದು ಗಳಿಗೆ ರಜೆ ಕೊಟ್ಟ, ಅಷ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಸುಳ್ಳಲ್ಲ.

ಫಲಕದ ಚೌಕಟ್ಟಿಗೆ ಅರ್ಥಿಂಗ್ ಮಾಡುವುದನ್ನು ಕೆಲವರು ದಂಡದ ಖರ್ಚೆಂದು ಬಗೆಯುತ್ತಾರೆ. ತಂತಿಯ ಹೊದಿಕೆ ಸವೆದು ಚೌಕಟ್ಟಿಗೆ ತಾಗಿದರೆ ಮುಟ್ಟಿದವರನ್ನು ಕಾಪಾಡುವುದು ಅದೇ. ಒಣಗಿದ ನೆಲದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯದು. ಆದ್ದರಿಂದ ನಮ್ಮಂತಹ ಬರದ ಸೀಮೆಯಲ್ಲಿ ಅರ್ಥಿಂಗ್ ಗುಂಡಿಗೆ ಇದ್ದಲು, ಉಪ್ಪು ತುಂಬಿ ಆಗಾಗ ನೀರು ಹಾಕುವುದು ಅಗತ್ಯ.

ಇಷ್ಟಾದರೂ ಯಾರಿಗಾದರೂ ವಿದ್ಯುತ್ ತಗುಲಿದರೆ ಬರಿಗೈಯಿಂದ ಅವರನ್ನು ಹಿಡಿಯಬಾರದು. ಸ್ವಿಚ್ಚುಗಳನ್ನು ಆರಿಸಿ, ಒಣಗಿದ ಮರದ ಕೋಲಿನಿಂದ ತಂತಿಯನ್ನು ಬಿಡಿಸಿ, 108ಕ್ಕೆ ಕರೆ ಮಾಡಬೇಕು. ಬೆಂಕಿ ಹೊತ್ತಿದರೆ ನೀರೆರಚದೆ ದೂರ ಸರಿದು ಅಗ್ನಿಶಾಮಕ ದಳದವರನ್ನು ಕರೆಯಬೇಕು.

ನಿಮ್ಮ ಮನೆಯ ಮೇಲೋ ನೆರೆಮನೆಯ ಮೇಲೋ ಫಲಕ ಏರುವ ದಿನ ಕೆಳಗೆ ನಿಂತು ಗಮನಿಸಿರಿ. ಏಣಿ ಕಟ್ಟಿದೆಯೆ? ತಲೆಗೆ ಹೆಲ್ಮೆಟ್ ಇದೆಯೆ? ಸೊಂಟದ ಹಗ್ಗ ಗಟ್ಟಿಯಾದ ಆಸರೆಗೆ ಬಿಗಿದಿದೆಯೆ? ಇಲ್ಲವಾದರೆ, ಚಿಕ್ಕವರೆಂದು ಸಂಕೋಚಪಡದೆ, "ಅಣ್ಣಾ, ಹಗ್ಗ ಕಟ್ಟಿಕೊಳ್ಳಿ" ಎಂದು ಹೇಳಿರಿ. ಬಿಸಿಲು ನಾಳೆಯೂ ಬರುತ್ತದೆ. ಕೆಲಸ ಒಂದು ದಿನ ತಡವಾದರೆ ಯಾವ ನಷ್ಟವೂ ಇಲ್ಲ. ಮೇಲೇರಿದವನು ಸಂಜೆ ಕ್ಷೇಮವಾಗಿ ಇಳಿದು ತನ್ನ ಮನೆಯನ್ನು ಸೇರಬೇಕು.